ದೀಪ ಹಚ್ಚಿದ ಮೇಲೆ ಹಾಟ್‌ಸ್ಪಾಟ್ ಕೊಡುವುದಿಲ್ಲ

ಬೈಲಹೊಂಗಲದ ಗಂಗೂಬಾಯಿ ಬೆಳಗಿನ ಚಹಾದ ಲೋಟವನ್ನು ಟಣ್ಣನೆ ಕೆಳಗಿಟ್ಟು ಘೋಷಿಸಿಯೇ ಬಿಟ್ಟಳು: "ಇನ್ನ ಮ್ಯಾಲ ಈ ಮನ್ಯಾಗ ಒಂದ ಹನಿ ಡೇಟಾನೂ ದಂಡ ಆಗೂದಿಲ್ಲ!"

ಗಂಡ ವೆಂಕಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ಡೇಟಾ ಏನ ಮಜ್ಜಿಗಿ ಅದ ಏನು, ಹನಿ ಹನಿ ಎಣಸಲಿಕ್ಕೆ?"

ಮಜ್ಜಿಗೆಯಾದರೂ ವಾಸಿ, ನಾಳೆ ಹುಳಿಗಾದರೂ ಬಂದೀತು! ಮೊಮ್ಮಗಳು ಮೃಣಾಲಿನಿ ಹಾಕಿಸಿಕೊಟ್ಟ ಪ್ಲಾನು ದಿನಕ್ಕೆ ಎರಡು ಜಿಬಿ. ಗಂಗೂಬಾಯಿ ಒಂದು ಭಜನೆ ಕೇಳಿ, ರಾಮದುರ್ಗದ ಅಕ್ಕ ಮಹಾನಂದಾಳಿಗೆ ಒಂದು ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಆಯಿತು. ಉಳಿದದ್ದೆಲ್ಲ ನಡುರಾತ್ರಿಗೆ ಮಾಯ! ಎತ್ತಿಡುವಂತಿಲ್ಲ, ಒಣಗಿಸುವಂತಿಲ್ಲ. ತಂಗಳ ರೊಟ್ಟಿಗೂ ಒಗ್ಗರಣೆ ಕೊಟ್ಟು ಬದುಕಿಸುವ ಕೈ ಅದು, ಹೇಗೆ ತಡೆದೀತು?

ಹಿಂದೆಲ್ಲ ಒಂದು ಒಲೆ ಹೊತ್ತಿದರೆ ನಾಲ್ಕು ಮನೆಗೆ ಕೆಂಡ. ಒಬ್ಬರ ಹೆಪ್ಪಿನಿಂದ ಓಣಿಯ ಹಾಲೆಲ್ಲ ಮೊಸರು. ಒಂದು ರೇಡಿಯೊಗೆ ಕಟ್ಟೆ ತುಂಬ ಕಿವಿ. ಈಗ ಕೈಗೊಂದು ಫೋನು, ಕಟ್ಟೆಯ ಮೇಲೆ ಬರೀ ಬೆಕ್ಕು.

ಸರಿ, ಎದುರುಮನೆಯ ಕೆಂಚವ್ವನಿಗೆ ಮೊದಲ ಹಾಟ್‌ಸ್ಪಾಟ್ ಸಂದಾಯವಾಯಿತು. ಮರುದಿನ ಯಲ್ಲವ್ವ ಬಂದಳು: "ಬಾಯಾರ, ನನಗೂ ಒಂಚೂರು ಹೆಪ್ಪ ಹಾಕ್ರಿ!" ವಾರದೊಳಗೆ ಕಟ್ಟೆ ತುಂಬಿತು. ಬೆಕ್ಕು ಜಾಗ ಬಿಟ್ಟಿತು.

ದಾನ ಬೆಳೆದಂತೆ ದಾನಿಗೆ ಶಾಸ್ತ್ರ ನೆನಪಾಯಿತು. ಒಂದು ಮುಸ್ಸಂಜೆ ಕೆಂಚವ್ವ ಓಡಿಬಂದಳು. "ಬಾಯಾರ, ಧಾರಾವಾಹಿ ಅರ್ಧಕ್ಕ ನಿಂತೈತ್ರಿ! ಸೊಸಿ ವಿಷಾ ಕುಡ್ಯಾಕ ಹತ್ಯಾಳ!"

"ದೀಪಾ ಹಚ್ಚಿದ ಮ್ಯಾಲ ಹೆಪ್ಪ ಹೊರಗ ಕೊಡಬಾರದವಾ, ಲಕ್ಷ್ಮೀ ಹೋಗ್ತಾಳ. ಡೇಟಾನೂ ಅಷ್ಟ. ಆಕಿ ನಾಳೆ ಮುಂಜಾನೆ ಕುಡೀಲಿ!"

ಮರುದಿನ ಬೆಳಿಗ್ಗೆ ಮಹಾನಂದಾಳ ಫೋನು. ಅಂದು ಸಂಜೆ ಮರಿಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. "ಗಂಗೂ, ಕೂಸಿನ ಮಾರಿ ಥೇಟ್ ನಮ್ಮವ್ವಂದ. ಅವ್ವನ ಜೋಗುಳಾ ಪೂರ್ತಿ ಬರೂದು ನಿನಗೊಬ್ಬಾಕಿಗೆ. ನೀನ ಹಾಡಬೇಕು."

ಮೊಣಕಾಲು ಬಸ್ಸಿಗೆ ಒಪ್ಪಲಿಲ್ಲ. ಆದರೇನು? "ಎರಡ ಜಿಬಿ ಅದ! ಸಂಜಿ ಏಳಕ್ಕ ವಿಡಿಯೊದಾಗ ಹಾಡ್ತೇನಿ."

"ಇವತ್ತೊಂದಿನ ದಾನ ಬಂದ್ ಮಾಡು," ಎಂದ ವೆಂಕಣ್ಣ.

"ಬಾಗಲಕ್ಕ ಬಂದವರಿಗೆ ಇಲ್ಲ ಅಂತಾರೇನ್ರಿ?"

ಮಧ್ಯಾಹ್ನ ಯಲ್ಲವ್ವ ತಂಗಿಯ ಮದುವೆಯ ವಿಡಿಯೊವನ್ನು ಅರಿಷಿಣದಿಂದ ಊಟದ ಪಂಕ್ತಿಯವರೆಗೆ ಇಳಿಸಿಕೊಂಡು ಹೋದಳು.

ಏಳು ಗಂಟೆ. ಇಲಕಲ್ ಸೀರೆ, ಹಣೆ ತುಂಬ ಕುಂಕುಮ. ದೇವರ ಮುಂದೆ ದೀಪ. ಫೋನಿನಲ್ಲಿ ಮಹಾನಂದಾ ಮೂಡಿದಳು, ಬಾಯಿ ತೆರೆದಳು, ತೆರೆದಂತೆಯೇ ಕಲ್ಲಾದಳು! ಈ ದಿನದ ಡೇಟಾ ಮುಗಿದಿದೆ ಎಂಬ ಸಂದೇಶ ಬಂತು.

"ಸಾದಾ ಫೋನ್ ಹಚ್ಚಿ ಹಾಡು," ಎಂದ ವೆಂಕಣ್ಣ.

"ಅವ್ವನ ಮಾರಿ ನೋಡದ ಹೆಂಗ ಹಾಡ್ಲಿ?" ಗಂಗೂಬಾಯಿ ಸೀರೆ ಎತ್ತಿಕೊಂಡು, ಮೊಣಕಾಲು ನೋವು ಮರೆತು ಎದುರುಮನೆಗೆ ಓಡಿದಳು. "ಕೆಂಚವ್ವಾ, ಒಂಚೂರು ಹೆಪ್ಪ ಕೊಡ!"

ಕೆಂಚವ್ವ ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟಳು. "ದೀಪಾ ಹಚ್ಚೇನ್ರಿ ಬಾಯಾರ. ಹೊರಗ ಕೊಟ್ರ ಲಕ್ಷ್ಮೀ ಹೋಗ್ತಾಳ." ಗಂಗೂಬಾಯಿಯ ಮುಖ ನೋಡಿ ನಕ್ಕಳು. "ಹೊರಗ ಕೊಡಬಾರದು. ಒಳಗ ಕುಂತ ಉಂಡ್ರ ದೋಷ ಇಲ್ಲ. ಬರ್ರಿ!"

ಕೆಂಚವ್ವನ ಫೋನಿನಲ್ಲಿ ತೊಟ್ಟಿಲು ಕಂಡಿತು. ತೊಟ್ಟಿಲಲ್ಲಿ ಅವ್ವನ ಗದ್ದ, ಅವ್ವನ ಮುಂಗೋಪದ ಹುಬ್ಬು! ಗಂಗೂಬಾಯಿ ಜೋಗುಳದ ಆರೂ ನುಡಿ ಹಾಡಿದಳು. ಐದನೆಯದಕ್ಕೆ ಕೆಂಚವ್ವ ನೀರು ಕೊಟ್ಟಳು.

"ನಿನ್ನ ಡೇಟಾ ಎಲ್ಲಾ ಮುಗಿಸಿದ್ನೇನವಾ?"

"ಎಲ್ಲಿ ಮುಗಸ್ತೀರಿ? ನಂದೂ ದಿನಾ ಎರಡ ಜಿಬಿ ಐತಿ. ಮುಟ್ಟೇ ಇಲ್ಲ, ಹಂಗ ದಂಡ ಆಗ್ತಿತ್ತು."

"ಮತ್ತ ನನ್ನ ಕಡೆ ಯಾಕ ಬರ್ತಿದ್ದಿ?"

"ಡೇಟಾ ನನ್ನ ಫೋನಿನ್ಯಾಗೂ ಇತ್ರಿ. ನಿಮ್ಮ ಕಟ್ಟಿ ಮ್ಯಾಲ ಕುಂದ್ರಾಕ ನೆಪಾ ಇರಲಿಲ್ಲ."

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ವೆಂಕಣ್ಣ ಗಂಟಲು ಸರಿಮಾಡಿಕೊಂಡ. "ಅಂದ್ರ ಗಂಗೂ, ನಮ್ಮನ್ಯಾಗ ಹನಿ ಹನಿ ಉಳಸಿ, ಎದುರಮನ್ಯಾಗ ದಿನಾ ಒಂದ ಕೊಡಾ ಚೆಲ್ಲಿಸಿದಿ!"