ಹಂಪಯ್ಯನ ಮೀಸೆ ಹೋದ ದಿನ

ಹಂಪಯ್ಯನ ಮೀಸೆಯ ಎಡಭಾಗ ಹೋದದ್ದು ಬೆಳಿಗ್ಗೆ ಆರೂ ಮುಕ್ಕಾಲಿಗೆ. ಹೊಸ ಟ್ರಿಮ್ಮರಿನ ಬಾಚಣಿಗೆಯಂಥ ಮುಚ್ಚಳ ಕಳಚಿ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಕನ್ನಡಿಯಲ್ಲಿ ಅರ್ಧ ಹಂಪಯ್ಯನೂ ಇನ್ನರ್ಧ ಯಾರೋ ಅಪರಿಚಿತನೂ ನಿಂತಿದ್ದರು. ಇಪ್ಪತ್ತೆರಡು ವರ್ಷ ಸಾಕಿದ ಮೀಸೆ. ಅರ್ಧ ಮೀಸೆಯಲ್ಲಿ ಬೀದಿಗಿಳಿಯುವ ಹಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಉಳಿದರ್ಧವನ್ನೂ ತೆಗೆದ. ಮುಖ ಬೋರ್ಡು ಕಿತ್ತ ಅಂಗಡಿಯಂತಾಯಿತು.

ಅದೂ ಇವತ್ತೇ ಆಗಬೇಕೇ? ಮಧ್ಯಾಹ್ನ ಹನ್ನೆರಡರೊಳಗೆ ಅವನು ಪಟ್ಟಣದ ಹೊರಗಿನ ಶಂಶಾಬಾದಿನಲ್ಲಿರಬೇಕಿತ್ತು. ಅಲ್ಲಿ ಪದ್ಮನಾಭ ಎನ್ನುವವರದು ಎರಡು ಸಣ್ಣ ಫ್ಲ್ಯಾಟು. ಮೇಲಿನದರಲ್ಲಿ ಅವರಿದ್ದರು, ಕೆಳಗಿನದು ಖಾಲಿ. "ಹನ್ನೆರಡು ದಾಟಿದ್ರೆ ಇನ್ನೊಬ್ಬರಿಗೆ ಕೊಟ್ಟುಬಿಡ್ತೇನೆ" ಎಂದು ಹೇಳಿದ್ದರು. ಗೇಟು, ಸೆಕ್ಯುರಿಟಿ, ಯಾರ ಮನೆಗೂ ಯಾರೂ ಇಣುಕದ ಶಾಂತಿ. ಕಾಚಿಗೂಡ ಸ್ಟೇಶನ್ನಿನ ಹಿಂದಿನ ಈ ಓಣಿಯಲ್ಲಿ ಹಂಪಯ್ಯನಿಗೆ ಸಿಗದೇ ಹೋದದ್ದು ಅದೊಂದೇ. ಹೋದ ತಿಂಗಳು ಅವನ ಹೊಟ್ಟೆ ಕೆಟ್ಟದ್ದು ಒಂದೇ ಸಲ, ಔಷಧಿ ಬಂದದ್ದು ಒಂಬತ್ತು ಮನೆಗಳಿಂದ. ಮರುದಿನ ಓಣಿಯವರು ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಗೂ ಬಂದು, "ಈಗ ಹ್ಯಾಂಗದ್ರಿ?" ಎಂದು ಗಿರಾಕಿಗಳ ಮುಂದೆಯೇ ಕೇಳಿದ್ದರು.

ಮನೆ ಬಿಡುವ ಸುದ್ದಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಓಣಿಯೇ ಸಭೆ ಸೇರುತ್ತಿತ್ತು. ಈ ಓಣಿಯೇ ಸಾಕೆನ್ನುವ ಹೆಂಡತಿ ವೇದವತಿ ನಿನ್ನೆ ಸಂಜೆ ಸೇಡಂ ಕಡೆಯ ತವರಿಗೆ ಹೋಗಿದ್ದಳು. ಅವಳು ಬರುವುದರೊಳಗೆ ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕಿ ಮುಗಿಸಬೇಕು.

ಅವಸರದಲ್ಲಿ ಹಾಲಿನ ಪಾಕೀಟು ಕೈಜಾರಿ ಹೊಸ್ತಿಲ ಮೇಲೆ ಒಡೆಯಿತು. ಎರಡು ಕೊಡ ನೀರು ಸುರಿದು ತೊಳೆದ. ಬಿಳಿ ಅಂಗಿ ಹಾಕಿ, ಹೆಗಲಿಗೆ ಚೀಲ ಸಿಕ್ಕಿಸಿ ಹೊರಬಿದ್ದ.

ಎದುರು ಮನೆಯ ಸುಗಲಮ್ಮ ಕಟ್ಟೆಯ ಮೇಲೆ ಕುಳಿತು ಕರಿ ಪುಡಿಯಲ್ಲಿ ಹಲ್ಲುಜ್ಜುತ್ತಿದ್ದಳು. ಚರಂಡಿ ನೀರಿನ ಜಗಳವಾದ ಮೇಲೆ ನಾಲ್ಕು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಆದರೆ ಈ ಮುಖ ನೋಡಿ ಅವಳ ಬಾಯಿ ತಾನಾಗಿ ತೆರೆಯಿತು.

"ಹಂಪಯ್ಯಾರ, ಮೀಸಿ?"

"ಹೋತ್ರಿ."

"ಇಷ್ಟ್ ಮುಂಜಾನೆ ಎಲ್ಲಿಗೆ ಹೊಂಟೀರಿ?"

ಶಂಶಾಬಾದ್ ಎನ್ನುವ ಹಾಗಿಲ್ಲ. "ಊರಿಗ್ರಿ. ಭಾಳ ಅರ್ಜೆಂಟ್ ಐತಿ" ಎಂದ.

ಸುಗಲಮ್ಮನ ಕಣ್ಣು ಅವನ ಬೋಳು ಮುಖದಿಂದ ಬಿಳಿ ಅಂಗಿಗೆ, ಅಲ್ಲಿಂದ ತೊಳೆದ ಹೊಸ್ತಿಲಿಗೆ, ಅಲ್ಲಿಂದ ರಂಗೋಲಿಯಿಲ್ಲದ ನೆಲಕ್ಕೆ ಇಳಿಯಿತು. ಅವರ ಕಡೆ ಅಪ್ಪ ಬದುಕಿರುವ ಮಗ ಮೀಸೆ ತೆಗೆಯುವುದಿಲ್ಲ. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಪುಡಿ ಮೆತ್ತಿದ ಕೈಯಿಂದಲೇ ಅವಳು ಎದೆ ಬಡಿದುಕೊಂಡಳು.

"ಯವ್ವಾ! ಹಿರ್ಯಾರು ಹೋಗಿಬಿಟ್ರಽ!"

ಐದು ನಿಮಿಷದಲ್ಲಿ ಓಣಿ ತುಂಬಿತು. ಆಟೋ ಓಡಿಸುವ ಸಂಗಣ್ಣ ತನ್ನ ಆಟೋವನ್ನು ಓಣಿಯ ಬಾಯಿಗೆ ಅಡ್ಡ ನಿಲ್ಲಿಸಿ ಓಡಿಬಂದ. ಟೆಂಟ್ ಹೌಸಿನ ಸಾಯಿಕುಮಾರ, "ಅಯ್ಯೋ ಅಣ್ಣಾ!" ಎನ್ನುತ್ತ ಇಪ್ಪತ್ತು ಕುರ್ಚಿ ಇಳಿಸಿದ. ಅವನ ಬಾಡಿಗೆ ಮನೆಯ ಮಾಲಕಿ ಗುರುದೇವಿ ಹಂಪಯ್ಯನನ್ನು ಹೆಗಲು ಹಿಡಿದು ಮೊದಲನೇ ಕುರ್ಚಿಯಲ್ಲಿ ಕೂರಿಸಿದಳು.

"ಯಾರೂ ಸತ್ತಿಲ್ರೀ! ಟ್ರಿಮ್ಮರಿನ ಮುಚ್ಚಳ ಬಿದ್ದ್..."

"ಪಾಪ, ದುಃಖಕ್ಕ ಏನೇನೋ ಅನ್ನಾಕತ್ತಾರ" ಎಂದಳು ಗುರುದೇವಿ.

"ಅತ್ತುಬಿಡ್ರಿ" ಎಂದ ಸಂಗಣ್ಣ. "ಗಂಡಸು ಅಂತ ತಡಕೋಬ್ಯಾಡ್ರಿ. ಒಂದ್ ಹನಿ ಆದ್ರೂ ಹಾಕ್ರಿ, ಎದಿ ಹಗರಾಕ್ಕೈತಿ."

"ನಮ್ಮಪ್ಪ ಗಟ್ಟಿ ಅದಾನ್ರೀ!"

"ಹಂಗಾರ ಊರಿಗೆ ಅರ್ಜೆಂಟ್ ಯಾಕ ಹೊಂಟಿದ್ರಿ?"

ಹಂಪಯ್ಯ ಹೆಗಲಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದ. ಓಣಿ ನಿಟ್ಟುಸಿರು ಬಿಟ್ಟಿತು.

ಕೊನೆಗೆ ಅಪ್ಪನಿಗೇ ಫೋನು ಹಚ್ಚಿದ. ಸ್ವಿಚ್ ಆಫ್.

"ಹೋದವ್ರು ಫೋನ್ ಎತ್ತತಾರೇನ್ರಿ?" ಎಂದು ಸುಗಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುದೇವಿ ಮೆಲ್ಲಗೆ ಅವನ ಕೈಯಿಂದ ಫೋನು ಬಿಡಿಸಿಕೊಂಡಳು. "ಇದು ನನ್ ಕಡೆ ಇರಲಿ. ಬಂದ ಫೋನೆಲ್ಲಾ ನಾ ಮಾತಾಡ್ತೀನಿ. ವೇದವತಿಗೂ ಹೇಳೀನಿ, ಆಕಿ ನಿಮ್ಮೂರಿಗೇ ಹೊಂಟಾಳ."

ಹಂಪಯ್ಯ ಫೋನಿಗೆ ಕೈ ಚಾಚಿದ, ಗುರುದೇವಿ ಅದನ್ನು ಮಡಿಲಿಗೆ ಸೇರಿಸಿಕೊಂಡಳು.

ಎಂಟು ಗಂಟೆಗೆ ಓಣಿಯ ತುದಿಯ ಶೆಡ್ಡುಗಳಿಂದ ಗಾರೆ ಕೆಲಸದವರು ಬಂದರು. ರಾಯಚೂರು ಕಡೆಯ ಹದಿನೈದು ಜನ. ಬುತ್ತಿ ಗಂಟು ಹಿಡಿದು ಕೂಲಿಗಾಗಿ ನಿಲ್ಲುವ ಅಡ್ಡಾಕ್ಕೆ ಹೊರಟಿದ್ದವರು ಸುದ್ದಿ ಕೇಳಿ ತಿರುಗಿ ಬಂದಿದ್ದರು. ಅವರಲ್ಲಿ ಒಬ್ಬರ ಹೆಸರೂ ಹಂಪಯ್ಯನಿಗೆ ಗೊತ್ತಿರಲಿಲ್ಲ. "ಇವತ್ ಕೆಲಸಕ್ಕ ಹೋಗಂಗಿಲ್ರಿ. ಮಣ್ಣು ಕೊಡಾಕ ನಾವೂ ಬರ್ತೀವಿ" ಎಂದು ಸಾಲಾಗಿ ನೆಲದ ಮೇಲೆ ಕುಳಿತರು.

"ಒಬ್ಬರನ್ನ ಹ್ಯಾಂಗ ಕಳಸೂದು?" ಎಂದ ಸಂಗಣ್ಣ. "ಡಿಸಿಎಂ ಲಾರಿ ಹೇಳೀನಿ. ಎಲ್ಲಾರೂ ಕೂಡೇ ಹೋಗೂಣು."

ಎರಡು ಸಲ ಹಂಪಯ್ಯ ಏಳಲು ನೋಡಿದ, ಎರಡು ಸಲವೂ ನಾಲ್ಕು ಕೈಗಳು ಅವನನ್ನು ಕೂರಿಸಿದವು. ಮೂರನೆಯ ಸಲ ಕಕ್ಕಸಿಗೆ ಎಂದ. ಸಂಗಣ್ಣ ಬಾಗಿಲವರೆಗೂ ಬಂದು ಹೊರಗೆ ಕಾದು ನಿಂತ.

ಹತ್ತೂವರೆಗೆ ಗುರುದೇವಿಯ ಮಡಿಲಲ್ಲಿದ್ದ ಅವನ ಫೋನು ರಿಂಗಾಯಿತು. "ಯಾರ್ರೀ? ಅವ್ರ ತಂದಿ ತೀರಿಕೊಂಡಾರ್ರಿ... ಹೂಂರಿ... ಕಾಚಿಗೂಡ ಸ್ಟೇಶನ್ ಹಿಂದ, ಬೇವಿನ ಗಿಡದ ಓಣಿ" ಎಂದು ಹೇಳಿ ಇಟ್ಟಳು. "ಯಾರೋ ಪದ್ಮನಾಭ ಅಂತ್ರಿ. ಭಾಳ ಬೇಜಾರ್ ಮಾಡ್ಕೊಂಡ್ರು. ಬರಾಕತ್ತಾರಂತ."

"ಇಲ್ಲಿಗೆ?" ಎಂದು ಚೀರಿದ ಹಂಪಯ್ಯ. ಅಷ್ಟು ಹೊತ್ತಿಗೆ ಅವನು ಮೊದಲ ಸಲ ಚೀರಿದ್ದು ಕಂಡು ಹೆಂಗಸರಿಗೆ ಸಮಾಧಾನವಾಯಿತು.

ಎದುರು ಮನೆಯಿಂದ ಟಪಟಪ ಸದ್ದು ಬರುತ್ತಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಬುತ್ತಿ ತರಬೇಕು. ಸುಗಲಮ್ಮ ಒಬ್ಬಳೇ ನಲವತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಚರಂಡಿಯ ಜಗಳದಲ್ಲಿ ತಾನು ಅಂದ ಮಾತುಗಳು ಹಂಪಯ್ಯನಿಗೆ ಒಂದೊಂದಾಗಿ ನೆನಪಾದವು. ನೆಲದ ಮೇಲೆ, ಒಂದು ದಿನದ ಕೂಲಿ ಬಿಟ್ಟು, ಹೆಸರು ಗೊತ್ತಿಲ್ಲದ ಹದಿನೈದು ಜನ ಅವನ ಅಪ್ಪನಿಗಾಗಿ ತಲೆ ತಗ್ಗಿಸಿ ಕುಳಿತಿದ್ದರು. ಬದುಕಿರುವ ಅಪ್ಪನಿಗೆ ತಾನು ಫೋನು ಮಾಡಿ ಹನ್ನೆರಡು ದಿನವಾಗಿತ್ತು. ಹಂಪಯ್ಯನಿಗೆ ಕುರ್ಚಿ ಚುಚ್ಚತೊಡಗಿತು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಗುರುದೇವಿಯ ಫೋನಿಗೆ ವೇದವತಿಯ ವಿಡಿಯೋ ಕಾಲ್ ಬಂತು. ಒತ್ತಿದರೆ, ಪರದೆಯ ತುಂಬ ಒಂದು ಬಿಳಿ ಗಿರಿಜಾ ಮೀಸೆ. ಮೀಸೆಯ ಕೆಳಗಿನ ಬಾಯಲ್ಲಿ ಬಜಿ.

"ಯಾಂವಲೇ ಅಂವ ನನ್ನ ಸಾಯಿಸಿದಾಂವ?"

ಸಂಗಣ್ಣ ಮಣ್ಣಿಗೆಂದು ತಂದಿದ್ದ ಹಾರ ಕೈಜಾರಿ ಕೆಳಗೆ ಬಿತ್ತು. ಸಾಯಿಕುಮಾರ ಕುರ್ಚಿಯನ್ನೇ ಹಿಡಿದುಕೊಂಡ. ಅಜ್ಜಿಯೊಬ್ಬಳು ಕೈಮುಗಿದಳು, ಸತ್ತವರಿಗೋ ಬದುಕಿದವರಿಗೋ ತಿಳಿಯಲಿಲ್ಲ.

"ಹೋಟೆಲ್‌ನ್ಯಾಗ ಚಾ ಕುಡಿಯಾಕತ್ತಿದ್ದೆ, ಸೊಸಿ ಬೋರಾಡಿ ಅಳಕೋತ ಬಂದ್ಲು! ಎಲ್ಲಿ ನನ್ ಮಗ? ತೋರಸ್ರಿ ಮಾರಿ!" ತೋರಿಸಿದರು. ಮುದುಕನ ಬಜಿ ಅರ್ಧಕ್ಕೇ ನಿಂತಿತು. "ನಾ ಇನ್ನ ಇರೂವಾಗನಽ ಬೋಳಿಸ್ಕೊಂಡಿ? ಅದು ಪೂರಾ ಬೆಳ್ಯೂತನ ಊರಾಗ ಕಾಲಿಟ್ಟೀ ಅಂದ್ರ ನೋಡು!"

ಗಾರೆ ಕೆಲಸದವನೊಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು, ಕುರ್ಚಿಗಳೆಲ್ಲ ಅಲುಗಾಡಿದವು. ಸುಗಲಮ್ಮ ನಗುತ್ತ ಅಳುತ್ತ, "ಬುತ್ತಿ ಆಗೇತಿ, ಕುಂಡ್ರಿ ಎಲ್ಲಾರೂ! ಹಿರ್ಯಾರ ಆಯುಷ್ಯ ಗಟ್ಟಿ ಆತು ಅಂತ ಉಣ್ರಿ" ಎಂದು ಹಂಪಯ್ಯನ ತಟ್ಟೆಗೇ ಮೊದಲು ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಾಕಿದಳು. ಒಬ್ಬರೂ ಬೈಯಲಿಲ್ಲ. ಹಂಪಯ್ಯ ಆ ಝುಣಕದ ಮೇಲೆ ಆಣೆಯಿಟ್ಟು ನಿರ್ಧರಿಸಿದ: ಈ ಓಣಿ ಬಿಟ್ಟು ಹೋಗುವುದಿಲ್ಲ.

ಅಷ್ಟರಲ್ಲಿ ಹಾರ ಹಿಡಿದ ಒಬ್ಬ ನರೆಗೂದಲಿನ ಮನುಷ್ಯ ಓಣಿಯೊಳಗೆ ಬಂದರು. ಹೆಸರು ಕೇಳುವ ಮೊದಲೇ ಯಾರೋ ಅವರ ಕೈಗೆ ತಟ್ಟೆ ಕೊಟ್ಟರು. ಕತೆ ಕೇಳುತ್ತ ಎರಡು ರೊಟ್ಟಿ ತಿಂದರು, ಮೂರನೆಯದಕ್ಕೆ ಅವರ ಕಣ್ಣು ತುಂಬಿತು.

"ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಐದು ಗಂಟೆ ಹಾಗೇ ಇದ್ದೆ" ಎಂದರು ಪದ್ಮನಾಭ. "ನಮ್ಮ ಬಿಲ್ಡಿಂಗಿನಲ್ಲಿ ನಲವತ್ತು ಕ್ಯಾಮೆರಾ ಉಂಟು. ಒಬ್ಬರೂ ಬರಲಿಲ್ಲ. ಇಲ್ಲಿ ಸಾಯದೇ ಇದ್ದವರಿಗೂ ಇಷ್ಟು ಜನವಾ! ಇಲ್ಲೊಂದು ಮನೆ ಸಿಗಬಹುದಾ ನನಗೆ?"

"ಖಾಲಿ ಇಲ್ರಿ ಯಾವದೂ" ಎಂದಳು ಗುರುದೇವಿ.

"ಇವರದ್ದೇ ಆಗ್ತದಲ್ಲ? ಹಂಪಯ್ಯನವರು ನನ್ನ ಫ್ಲ್ಯಾಟಿಗೆ ಬರ್ತಾರಲ್ಲ. ಅಗ್ರಿಮೆಂಟಿಗೇ ಅಲ್ವಾ ಇವತ್ತು ಬರಬೇಕಿದ್ದದ್ದು?"

ನಲವತ್ತು ಕೈಗಳಲ್ಲಿ ನಲವತ್ತು ತುತ್ತುಗಳು ನಿಂತವು. ಅಪ್ಪ ಬದುಕಿದ್ದಾನೆಂದಾಗಲೂ ಓಣಿಗೆ ಇಂಥ ಆಘಾತವಾಗಿರಲಿಲ್ಲ.

"ಇಲ್ರೀ! ನಾ ಎಲ್ಲೂ ಹೋಗಂಗಿಲ್ಲ!" ಹಂಪಯ್ಯ ಎದ್ದು ನಿಂತ. "ನಾ ಇಲ್ಲೇ ಇರ್ತೀನಿ!"

ಸುಗಲಮ್ಮನ ಮುಖ ಮೆತ್ತಗಾಯಿತು. "ಪಾಪ, ನಮಗ ಬ್ಯಾಸರಾಕ್ಕೈತಿ ಅಂತ ಹಂಗ ಅನ್ನಾಕತ್ತಾರ."

"ಸಂಕೋಚದ ಮನಷ್ಯಾ ಮೊದಲಿಂದನೂ" ಎಂದಳು ಗುರುದೇವಿ, ಮೂಗೊರೆಸಿಕೊಳ್ಳುತ್ತ. "ಹೇಳಿದ್ರ ನಾವೇನ್ ಬ್ಯಾಡ ಅಂತಿದ್ವಾ?"

"ಹೆಂಗೂ ಗಾಡಿ ಬಂದು ನಿಂತೈತಿ" ಎಂದ ಸಂಗಣ್ಣ. "ಖಾಲಿ ಯಾಕ ಕಳಸೂದು? ಏಳ್ರಪಾ!"

ಹದಿನೈದು ಜನ ಗಾರೆ ಕೆಲಸದವರು ಕೈ ತೊಳೆದು ಎದ್ದರು. "ಬ್ಯಾಡ್ರಿ, ಬ್ಯಾಡ್ರಿ!" ಎನ್ನುತ್ತ ಹಂಪಯ್ಯ ಕಪಾಟಿಗೆ ಜೋತುಬಿದ್ದ. ಅವನನ್ನೂ ಸೇರಿಸಿಯೇ ಕಪಾಟು ಎತ್ತಿದರು. ಮುಕ್ಕಾಲು ತಾಸಿನಲ್ಲಿ ಪಾತ್ರೆ, ಮಂಚ, ಗ್ಯಾಸು, ವೇದವತಿಯ ತುಳಸಿ ಕುಂಡ ಎಲ್ಲವೂ ಲಾರಿ ಹತ್ತಿದವು. ಒಂದು ಚಮಚವೂ ಕಳೆಯಲಿಲ್ಲ, ಒಬ್ಬರೂ ಕೂಲಿ ಕೇಳಲಿಲ್ಲ. ಪದ್ಮನಾಭ ಖಾಲಿ ಫ್ಲ್ಯಾಟಿನ ಕೀಲಿಯನ್ನು ಅವನ ಜೇಬಿಗಿಟ್ಟು, ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಹಂಪಯ್ಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕಕ್ಕೆ ಹತ್ತಿಕೊಂಡ ಸಂಗಣ್ಣ. ಸುಗಲಮ್ಮ ಕಿಟಕಿಯೊಳಗಿಂದ ರಾತ್ರಿಗೂ ಬುತ್ತಿ ಕೊಟ್ಟಳು.

ಲಾರಿ ಹೊರಟಿತು. ಹಂಪಯ್ಯ ಪಕ್ಕದ ಕನ್ನಡಿಯಲ್ಲಿ ನೋಡಿದ. ಬೆಳಿಗ್ಗೆಯಿಂದ ಬರಿದಾಗಿದ್ದ ಹೊಸ್ತಿಲ ಮುಂದೆ ಸುಗಲಮ್ಮ ಬಗ್ಗಿ ರಂಗೋಲಿ ಎಳೆಯುತ್ತಿದ್ದಳು. ಮೊದಲನೇ ಕುರ್ಚಿಯಲ್ಲಿ ಕುಳಿತ ಪದ್ಮನಾಭರನ್ನು ಓಣಿಯೆಲ್ಲ ಸುತ್ತುವರಿದು ಏನೋ ಕೇಳುತ್ತಿತ್ತು, ಅವರು ಹಿಗ್ಗಿನಿಂದ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು.

ಹಂಪಯ್ಯನ ಕೈ ತಾನಾಗಿ ಮೀಸೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವನು ಗೊಳೋ ಎಂದು ಅಳತೊಡಗಿದ.

ಸಂಗಣ್ಣ ನೆಮ್ಮದಿಯಿಂದ ಅವನ ಬೆನ್ನು ಸವರಿದ. "ಹಾಂ, ಅಳ್ರಿ, ಅಳ್ರಿ. ಮುಂಜಾನಿಂದ ಇದನ್ನಽ ಹೇಳಾಕತ್ತೀನಿ."