ಪಾಲಾಕ್ಷಪ್ಪನ ಪ್ರಸ್ಥಾನ

ಕೊಟ್ಟೂರಿನ ಪಾಲಾಕ್ಷಪ್ಪನ ಗ್ರಹಚಾರ ಕೆಟ್ಟಿದ್ದು ಮಂಗಳವಾರದಿಂದ. ಬಿ.ಎ. ಮುಗಿಸಿದ ಹುಡುಗನಿಗೆ ಆಫ್ರಿಕಾದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಫೆಲೋಶಿಪ್ ಸಿಕ್ಕಿತ್ತು. ಮಂಗಳವಾರ ಸಂಜೆಯ ಬಸ್ಸಿಗೆ ಹೊಸಪೇಟೆ, ಅಲ್ಲಿಂದ ರೈಲಿನಲ್ಲಿ ಬೊಂಬಾಯಿ, ಆಮೇಲೆ ವಿಮಾನ. ತಪ್ಪಿದರೆ ಆ ಜಾಗ ಹಡಗಲಿಯ ಇನ್ನೊಬ್ಬನ ಪಾಲು.

ಅವನವ್ವ ದುರುಗಮ್ಮನಿಗೆ ಮಂಗಳವಾರದ ಪ್ರಯಾಣವೆಂದರೆ ಆಗದು. ಸೋಮವಾರವೇ ಒಳ್ಳೆಯ ಗಳಿಗೆ ನೋಡಿ ಮಗನ ಚೀಲವನ್ನು ಎದುರುಮನೆಯ ಅಂಜಿನಕ್ಕನಲ್ಲಿ ಪ್ರಸ್ಥಾನ ಇಟ್ಟಳು. ಚೀಲ ಹೊಸ್ತಿಲು ದಾಟಿದರೆ ಮಗ ಹೊರಟ ಲೆಕ್ಕ. ಅದು ಮತ್ತೆ ಮನೆಗೆ ಬರುವಂತಿಲ್ಲ. ಪಾಸ್‌ಪೋರ್ಟು, ಟಿಕೇಟು ಎಲ್ಲ ಅದರೊಳಗೇ ಇದ್ದವು.

ಮಂಗಳವಾರ ಬೆಳಿಗ್ಗೆ ನೋಡಿದರೆ ಅಂಜಿನಕ್ಕನ ಬಾಗಿಲಿಗೆ ತೆಂಗಿನಕಾಯಿಯಷ್ಟು ದಪ್ಪದ ಬೀಗ!

"ಅಂಜಿನಕ್ಕ ಉಚ್ಚಂಗೆಮ್ಮಗ ಹಣ್ಣು-ಕಾಯಿ ಮಾಡ್ಸಾಕ ದುರ್ಗದ ಬೆಟ್ಟಕ್ಕ ಹೋಗ್ಯಾಳ. ರಾತ್ರಿ ಅಲ್ಲೇ ವಸ್ತಿ," ಎಂದ ಪಕ್ಕದ ಮನೆಯ ರಾಮಣ್ಣ, ಬೇವಿನಕಡ್ಡಿ ಜಗಿಯುತ್ತ.

ಪಾಲಾಕ್ಷಪ್ಪ ಬೀಗ ಹಿಡಿದು ಜಗ್ಗಿದ. ಕೇಳೋಣವೆಂದರೆ ಅವ್ವ ಗುಡಿಗೆ ಹೋಗಿದ್ದಳು.

"ಬೀಗ ಒಡೀತೀನಿ!"

"ಹುಚ್ಚಪ್ಪ, ಪ್ರಸ್ಥಾನ ಇಟ್ಟ ಮನಿ ಬೀಗ ಒಡದ್ರ ಹೋದ ಕಡಿ ನಿನ್ನ ಕಾಲು ಮುರೀತೈತಿ! ಅಗಾ, ಹರಪನಹಳ್ಳಿ ಬಸ್ಸು ಬಂತು. ಹೋಗಿ ಕೀಲಿಕೈ ಇಸಗೊಂಡು ಬಾ. ಇಲ್ಲಿ ನಾನದೀನಿ," ಎಂದು ರಾಮಣ್ಣ ಅವನನ್ನು ಬಸ್ಸಿಗೆ ತಳ್ಳಿಯೇಬಿಟ್ಟ.

ಬಸ್ಸು ದಾರಿಯಲ್ಲಿ ಪಂಕ್ಚರಾಯಿತು. ಹರಪನಹಳ್ಳಿಯಿಂದ ಮುಂದಕ್ಕೆ ಭಕ್ತರ ನಡುವೆ ಒಂಟಿಕಾಲಲ್ಲಿ ನಿಂತು ಹೋದ. ಬೆಟ್ಟ ಹತ್ತುವಷ್ಟರಲ್ಲಿ ನಾಲಿಗೆ ಹೊರಬಂದಿತ್ತು. ಗುಡಿಯ ಸಾಲಿನಲ್ಲಿ ಅಂಜಿನಕ್ಕ ಆರಾಮಾಗಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಕೀಲಿಕೈ ಕೊಡಕ್ಕ! ನನ್ನ ಜೀವನಾನ ನಿಮ್ಮನಿಯಾಗ ಕುಂತೈತಿ!"

"ಅಯ್ಯ ನನ ತಮ್ಮ! ಕೀಲಿಕೈ ನಿಮ್ಮವ್ವನ ಕೈಯಾಗ ಕೊಟ್ಟೇ ಬಂದೀನಲ್ಲೊ!"

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಅವನ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಬಾಳೆಹಣ್ಣು ಕೊಟ್ಟಳು. ಅದನ್ನು ಹಿಡಿದುಕೊಂಡೇ ಬೆಟ್ಟ ಇಳಿದು, ಬಸ್ಸು ಸಿಗದೆ ಶೇಂಗಾ ಲಾರಿ ಹತ್ತಿ ಊರು ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಹೊಸಪೇಟೆ ಬಸ್ಸು ಹೋಗಿಯಾಗಿತ್ತು.

ಅಂಜಿನಕ್ಕನ ಬಾಗಿಲು ತೆರೆದಿತ್ತು. ಜಗುಲಿಯ ಮೇಲೆ ಓಣಿಯ ಜನವೆಲ್ಲ ಕೂತಿತ್ತು.

"ಚೀಲ?"

"ಚಿಂತಿ ಬ್ಯಾಡ," ಎಂದ ರಾಮಣ್ಣ. "ಬಸ್ಸು ಬಂತು, ನೀ ಬರಲಿಲ್ಲ. ಇಟ್ಟ ಪ್ರಸ್ಥಾನ ಕೆಡಬಾರದಲ್ಲ? ಹಾರ ಹಾಕಿ, ಕಾಯಿ ಒಡದು, ಚೀಲಾನ ಬಸ್ಸಿಗೆ ಹತ್ತಿಸಿದ್ವಿ."

ಪಾಲಾಕ್ಷಪ್ಪ ಖಾಲಿ ರಸ್ತೆಯತ್ತ ನೋಡಿದ. ಆದರೂ ಒಂದೆಳೆ ಆಸೆ ಉಳಿದಿತ್ತು. "ಕಂಡಕ್ಟರು ನಾಳಿ ಮುಂಜಾನಿ ವಾಪಸು ತರ್ತಾನಲ್ಲ? ಅದು ಸಿಕ್ರ ಹೆಂಗಾರ ಮಾಡಿ ಬೊಂಬಾಯಿ ಮುಟ್ಟತೀನಿ."

"ವಾಪಸು?" ರಾಮಣ್ಣನಿಗೆ ಅವಮಾನವೇ ಆಯಿತು. "ಪ್ರಸ್ಥಾನದ ಚೀಲ ತಿರುಗಿ ಬರಬಾರದಂತ ಕೊಟ್ಟೂರಪ್ಪನ ಮ್ಯಾಲೆ ಆಣಿ ಹಾಕಿಸೀನಿ. ತಾನೇ ಕೈಯಾರೆ ಬೊಂಬಾಯಿ ರೈಲಿಗೆ ಹಾಕ್ತಾನ. ಬಾಳ ನೇಮಸ್ಥ ಮನಷ್ಯಾ!"

ಪಾಲಾಕ್ಷಪ್ಪ ಮಣ್ಣಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ದುರುಗಮ್ಮ ಸೆರಗಿನಿಂದ ಮಗನ ಕಣ್ಣೊರೆಸಿದಳು.

"ಅಳಬ್ಯಾಡಪ್ಪ," ಎಂದಳು. "ಮಂಗಳವಾರ ನೀ ಹೊಂಡಲಿಲ್ಲಲ್ಲ, ಅಷ್ಟ ಸಾಕು."