ಮಳವಳ್ಳಿ ಬೀಗಿತ್ತಿಯನ್ನು ಬೈದವರು

ನಮ್ಮ ಕಡೆ ಯಾರಾದರೂ ನಿಮ್ಮನ್ನು ಬಹುವಚನದಲ್ಲಿ ಮಾತಾಡಿಸಿ, ಕುರ್ಚಿ ಎಳೆದು ಕೂರಿಸಿ, "ಹೇಗಿದ್ದೀರಿ, ಆರೋಗ್ಯವೇ?" ಎಂದು ನಯವಾಗಿ ಕೇಳಿದರೆ ಎಲ್ಲೋ ಎಡವಟ್ಟಾಗಿದೆ ಎಂದೇ ತಿಳಿಯಬೇಕು. ಒಂದೋ ಜಮೀನಿನ ಜಗಳ ಕೋರ್ಟಿಗೆ ಹೋಗಿದೆ, ಇಲ್ಲವೇ ನಿಮ್ಮ ಮೇಲೆ ಅವರಿಗಿದ್ದ ಪ್ರೀತಿ ಹೊರಟುಹೋಗಿದೆ. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ವರ್ಷದ ಮೇಲೆ ಸಿಕ್ಕಿದ ಗೆಳೆಯ "ಇನ್ನೂ ಸತ್ತಿಲ್ವೇನ್ಲಾ ನೀನು?" ಎಂದು ಬೆನ್ನಿಗೆ ಗುದ್ದಿದರೆ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಅರ್ಧ ನೋವಿಗೆ, ಅರ್ಧ ಸಂತೋಷಕ್ಕೆ. ಇಂಥ ಸೀಮೆಯಲ್ಲಿ ಹುಟ್ಟಿಯೂ ನನಗೆ ಬಯ್ಯಲು ಬರುವುದಿಲ್ಲ. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿ 'ದಯವಿಟ್ಟು', 'ತಮ್ಮ ಅವಗಾಹನೆಗೆ' ಎಂದು ಬರೆದೂ ಬರೆದೂ ನಾಲಿಗೆ ಸಪ್ಪೆಯಾಗಿಬಿಟ್ಟಿದೆ. ನೆಂಟರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು "ಯಾಕಮ್ಮ, ಯಜಮಾನ್ರಿಗೆ ಉಷಾರಿಲ್ವಾ?" ಎಂದು ವಿಚಾರಿಸುವುದೂ ಉಂಟು.

ಹಾಗಾಗಿಯೇ ಕೆರಗೋಡಿನ ಚಿಕ್ಕವ್ವ ಕೆಂಪಮ್ಮನನ್ನು ಕಂಡರೆ ನನಗೆ ಭಕ್ತಿ. ನಮ್ಮವ್ವನ ತಂಗಿ. ಬೀಗರನ್ನು ಬೈದು ಪದ ಹಾಡುವುದರಲ್ಲಿ ಆಕೆಯ ಮುಂದೆ ನಿಲ್ಲುವವರು ಸುತ್ತಲ ಊರುಗಳಲ್ಲಿ ಇಲ್ಲ. ಗೊತ್ತಿಲ್ಲದವರಿಗೆ ಹೇಳಬೇಕು: ಮದುವೆ ಮುಗಿದ ಮೇಲೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು ಬಾಡೂಟಕ್ಕೆ ಕೂತಾಗ, ಹೆಣ್ಣಿನ ಕಡೆಯ ಹೆಂಗಸರು ಬಡಿಸುತ್ತ ಬಡಿಸುತ್ತಲೇ ಬೀಗರ ಮೂಗು, ಹೊಟ್ಟೆ, ನಡಿಗೆ, ಜಿಪುಣತನ ಎಲ್ಲವನ್ನೂ ಹಾಡಿನಲ್ಲಿ ಎಳೆದಾಡುತ್ತಾರೆ. ಬೈಸಿಕೊಂಡವರು ಎಲೆಯ ಮುಂದೆ ಕೂತೇ ಪದ ಕಟ್ಟಿ ವಾಪಸ್ ಕೊಡುತ್ತಾರೆ. ಕೋಪ ಮಾಡಿಕೊಳ್ಳುವ ಹಾಗಿಲ್ಲ. ಸುಮ್ಮನೆ ಊಟ ಹಾಕಿ ಕಳಿಸಿದರೇ ಕೋಪ, ತಮ್ಮನ್ನು ಮನುಷ್ಯರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದು.

ಚಿಕ್ಕವ್ವನ ಮಗಳು ಕಾವ್ಯಳನ್ನು ಮಳವಳ್ಳಿಗೆ ಕೊಟ್ಟೆವು. ಗಂಡಿನ ತಾಯಿ ಸಿದ್ದಮ್ಮ ಒಳ್ಳೆ ಮೈಕಟ್ಟಿನ ಹೆಂಗಸು, ನಕ್ಕರೆ ಶಾಮಿಯಾನದ ಆಚೆಯವರೂ ತಿರುಗಿ ನೋಡಬೇಕು. ಆಕೆ ಬಂದು ಎಲೆಯ ಮುಂದೆ ಕೂತದ್ದೇ ತಡ, ಚಿಕ್ಕವ್ವ ಮುದ್ದೆಯ ತಟ್ಟೆ ಹಿಡಿದುಕೊಂಡೇ ಶುರು ಮಾಡಿದಳು:

"ಮಳವಳ್ಳಿ ಬೀಗಿತ್ತಿ ಬಸ್ಸತ್ತಿ ಬಂದ್ಳು,
ಮುಂದ್ಲ ಗಾಲಿ ಮ್ಯಾಕೆದ್ದು ಹಿಂದ್ಲ ಗಾಲಿ ಬುಸ್ಸಂತು!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಸಿದ್ದಮ್ಮನೇ. ಮೂಳೆ ಚೀಪುವುದನ್ನು ನಿಲ್ಲಿಸಿ, ಕೈಯನ್ನು ಗಾಳಿಯಲ್ಲೇ ಹಿಡಿದು ತಿರುಗಿಸಿಕೊಟ್ಟಳು:

"ಕೆರಗೋಡು ಕೆಂಪಿ ಬಾಯ್ಗೆ ಚಿಲ್ಕಾನೇ ಇಲ್ಲ,
ಚಿಲ್ಕ ತರಾಕೋದ ಗಂಡ ತಿರುಗಿ ಬರ್ನೇ ಇಲ್ಲ!"

ಆ ಗಂಡ, ಅಂದರೆ ನಮ್ಮ ಚಿಕ್ಕಪ್ಪ, ಅಲ್ಲೇ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಇದನ್ನೆಲ್ಲ ಫೋನಿನಲ್ಲಿ ಹಿಡಿದೆ. ಹಿಡಿದವನು ಸುಮ್ಮನಿರಬೇಕಿತ್ತು. 'ನಮ್ಮ ಸಂಸ್ಕೃತಿ' ಎಂದು ಮೇಲೊಂದು ಸಾಲು ಬರೆದು ಲೋಕಕ್ಕೆ ಬಿಟ್ಟೆ. ಅದರಲ್ಲಿ ಚಿಕ್ಕವ್ವನ ಪದ ಇತ್ತು, ನಗುವ ಸಿದ್ದಮ್ಮ ಇದ್ದಳು. ಸಿದ್ದಮ್ಮ ಕೊಟ್ಟ ಉತ್ತರವನ್ನು ಮಾತ್ರ, ವಿಡಿಯೊ ಉದ್ದವಾಯಿತೆಂದು, ನಾನೇ ಕತ್ತರಿಸಿದ್ದೆ.

ಮೊದಲು ಬಂದವರು ಹೃದಯದ ಚಿತ್ರ ಹಾಕಿ ಹೋದರು. ನನಗೆ ಹೆಮ್ಮೆ. ಆಮೇಲೆ ಯಾರೋ ಒಬ್ಬ "ಇದು ಹೆಂಗಸೋ ಎಮ್ಮೆಯೋ?" ಎಂದು ಬರೆದ. ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬ ಆಕೆಯ ಬಣ್ಣ ಹಿಡಿದ, ಒಬ್ಬ ಆಕೆ ಉಣ್ಣುವ ಕೈ ಹಿಡಿದ, ಇನ್ನೊಬ್ಬ "ಇಂಥವರು ಬದುಕಿರುವುದಾದರೂ ಯಾಕೆ" ಎಂದು ಕೇಳಿ ಪಕ್ಕದಲ್ಲೊಂದು ನಗುವ ಮುಖ ಅಂಟಿಸಿದ. ಅಷ್ಟರಲ್ಲಿ ಒಳ್ಳೆಯವರ ದಂಡು ಬಂತು. "ದಪ್ಪಗಿರುವವರನ್ನು ಗೇಲಿ ಮಾಡುವುದು ಅಮಾನವೀಯ" ಎಂದು ಶುರು ಮಾಡಿ, "ಹಾಡುವ ಆ ಮುದಿ ಗೂಬೆಯನ್ನು ಒದ್ದು ಒಳಗೆ ಹಾಕಿ" ಎಂದು ಮಾನವೀಯವಾಗಿ ಮುಗಿಸಿದರು. ಆಮೇಲೆ ಎರಡೂ ದಂಡು ಪಕ್ಷಗಳ ವಿಷಯಕ್ಕೆ, ಅಲ್ಲಿಂದ ಸಿನಿಮಾ ನಟರ ವಿಷಯಕ್ಕೆ ಹೊಡೆದಾಡಿಕೊಳ್ಳುತ್ತ ಹೋದವು. ಸಿದ್ದಮ್ಮ ಯಾರ ನೆನಪಿನಲ್ಲೂ ಇರಲಿಲ್ಲ. ಆಕೆಯ ನಗು ಮಾತ್ರ ಆ ಎಲ್ಲ ಕೊಳಕಿನ ತಲೆಯ ಮೇಲೆ ಹಾಗೇ ಇತ್ತು.

ಒಂದು ದಿನ ಕಾವ್ಯ ಫೋನ್ ಮಾಡಿದಳು. "ಅಣ್ಣಾ, ಪಕ್ಕದ್ಮನೆಯೋರು ಅತ್ತೆಗೆ ಅದ್ನೆಲ್ಲ ಓದ್ಬುಟ್ಟವ್ರೆ ಕಣಣ್ಣ. ಅವತ್ನಿಂದ ನಮ್ಮ ಜೊತೆ ಉಣ್ಣಕ್ಕೇ ಕೂರ್ತಿಲ್ಲ. ನಾವೆಲ್ಲ ಎದ್ದೋದ್ಮ್ಯಾಲೆ ಅಡ್ಗೆ ಮನೇಲಿ ಗ್ವಾಡೆ ಕಡೀಕೆ ತಿರಿಕ್ಕೊಂಡು ಒಂದೀಟು ಉಣ್ತರೆ. ಹೆಂಗುಸ್ರ ಸಂಘುದ್ ಮೀಟಿಂಗೂ ಬುಟ್ರು. ನಂಗೆ ಈ ಮನೇಲಿ ಎಂಗಿರದು ಅಂತ್ಲೇ ಗೊತ್ತಾಯ್ತಿಲ್ಲ." ಶಾಮಿಯಾನದಾಚೆಗೆ ಕೇಳುವಂತೆ ನಗುತ್ತಿದ್ದ ಹೆಂಗಸು ಕದ್ದು ಉಣ್ಣುವಂತಾಗಿತ್ತು, ನನ್ನಿಂದ.

ವಿಡಿಯೊ ಅಳಿಸಿದೆ. ಅಷ್ಟರಲ್ಲಿ ಆ ಎಮ್ಮೆ ಎಂದವನೂ ಇನ್ನೂ ಹಲವರೂ ಅದನ್ನು ಎತ್ತಿಕೊಂಡು, ಹಿಂದೆ ಕತ್ತೆ ಕಿರುಚುವ ಸದ್ದು ಸೇರಿಸಿ ಹಂಚುತ್ತಿದ್ದರು. "ದಯವಿಟ್ಟು ಇದನ್ನು ತೆಗೆದುಹಾಕಬೇಕಾಗಿ ವಿನಂತಿ" ಎಂದು ಬರೆದೆ. "ಮುಚ್ಚಲೇ" ಎಂದು ಉತ್ತರ ಬಂತು. ಆಮೇಲೆ ನನಗೆ ಏನಾಯಿತೋ ಕಾಣೆ. ಜೀವಮಾನದಲ್ಲಿ ನಾಲಿಗೆಗೆ ಬಾರದಿದ್ದುದೆಲ್ಲ ಬೆರಳಿಗೆ ಬಂತು. ಆ ಎಮ್ಮೆಯವನ ವಂಶ, ಅವನ ಮನೆಯ ಹೆಂಗಸರು, ಇನ್ನೂ ಹುಟ್ಟದ ಅವನ ಮಕ್ಕಳು, ಒಬ್ಬರನ್ನೂ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು. ನಾನು ಒಬ್ಬನೇ ಮುಸಿಮುಸಿ ನಗುವುದನ್ನು ನೋಡಿ ಹೆಂಡತಿ "ಏನ್ರೀ ಅದು?" ಎಂದಳು. "ಆಫೀಸಿಂದು" ಎಂದೆ. ಮಾರನೆಯ ದಿನ ನಾನು ವಿಡಿಯೊ ಹಾಕಿದ್ದ ಆ್ಯಪಿನ ಕಂಪನಿಯವರಿಂದ ಓಲೆ ಬಂತು. ನನ್ನ ಭಾಷೆ ದ್ವೇಷದಿಂದ ಕೂಡಿದೆಯಂತೆ, ಆದ್ದರಿಂದ ನನ್ನ ಖಾತೆ ಬಂದ್ ಅಂತೆ. ಎಮ್ಮೆ ಎಂದವನ ಮೇಲೆ ನಾನು ಕೊಟ್ಟಿದ್ದ ದೂರಿಗೂ ಉತ್ತರವಿತ್ತು: ಪರಿಶೀಲಿಸಲಾಗಿ, ನಿಯಮಕ್ಕೆ ವಿರುದ್ಧವಾದದ್ದು ಏನೂ ಕಂಡುಬಂದಿಲ್ಲ.

ಇನ್ನು ಹೋಗಿ ಕಾಲಿಗೆ ಬೀಳುವುದೊಂದೇ ದಾರಿ ಎಂದು ಭಾನುವಾರ ಚಿಕ್ಕವ್ವನನ್ನು ಕರೆದುಕೊಂಡು ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದೆವು. ಚಿಕ್ಕವ್ವನ ತೊಡೆಯ ಮೇಲೆ ನಾಟಿ ಕೋಳಿ ಸಾರಿನ ಕ್ಯಾರಿಯರ್. "ಅದೇನಂತ ಬರದವ್ರೆ, ಓದ್ಲಾ" ಎಂದಳು. ನಾನು ಹೆಂಡತಿಯ ಫೋನಿನಲ್ಲಿ ಹುಡುಕಿ, ತೀರ ಕೆಟ್ಟದ್ದನ್ನು ನುಂಗಿಕೊಂಡು ಓದಿದೆ. ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಕೇಳಿದಳು: "ಇವ್ರೆಲ್ಲ ಯಾರ ಕಡೆ ನೆಂಟ್ರು?"

"ಯಾರ ಕಡೆಯೂ ಅಲ್ಲ ಚಿಕ್ಕವ್ವ. ಗುರುತೇ ಇಲ್ಲದವರು."

"ಬೀಗ್ರಲ್ಲ, ಬಿಜ್ಜ್ರಲ್ಲ, ಒಂದು ಮದ್ವೆಗೆ ಬಂದೋರಲ್ಲ. ಅದೆಂಗ್ಲಾ ಬಯ್ದಾರು? ಬಯ್ಯದು ಅಂದ್ರೇನು ದಾರೀಲಿ ಬಿದ್ದದಾ?" ಮಳವಳ್ಳಿ ಬರುವವರೆಗೂ ಅವಳಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನನಗೂ ಆಗಲಿಲ್ಲ.

ಸಿದ್ದಮ್ಮ ಹೊರಗೆ ಬರಲಿಲ್ಲ. ತಲೆನೋವು ಎಂದು ಒಳಗಿನಿಂದ ಹೇಳಿಸಿದಳು. ಚಿಕ್ಕವ್ವ ನೆಟ್ಟಗೆ ಒಳಕ್ಕೇ ನುಗ್ಗಿದಳು, ಹಿಂದೆ ನಾನು. ಮುಖಕ್ಕೆ ಸೆರಗು ಎಳೆದುಕೊಂಡು ಕೂತ ಸಿದ್ದಮ್ಮ ನಾವು ಮದುವೆಯಲ್ಲಿ ಕಂಡವಳಲ್ಲ, ಯಾರೋ ಬೇರೆಯವಳು. ಚಿಕ್ಕವ್ವ ಅವಳ ಪಕ್ಕದಲ್ಲಿ ಕುಕ್ಕರಿಸಿ ಕೂತು, "ನನ್ನ ಪದದಿಂದ ನಿಂಗಿಂಗಾಯ್ತಲ್ಲೇ ಸಿದ್ದಿ. ಇನ್ನು ಸಾಯಗಂಟ ಪದ ಆಡಕಿಲ್ಲ ಬುಡು" ಎಂದಳು.

ಸಿದ್ದಮ್ಮ ತಟ್ಟನೆ ತಲೆ ಎತ್ತಿದಳು. "ನೀನು ಬಾಯ್ ಕಟ್ಕೊಂಡ್ರೆ ನನ್ನ ಬಯ್ಯಕ್ಕೆ ಇನ್ಯಾರವ್ರೆ ಕಣಕ್ಕ? ನಿಂದಲ್ಲ ತಪ್ಪು. ಅದ ಫೋನ್ಗೆ ಆಕ್ದೋನು ಯಾವನು?"

ಚಿಕ್ಕವ್ವ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. ನಾನು "ದಯವಿಟ್ಟು ಕ್ಷಮಿಸಬೇಕು" ಎಂದು ಆಫೀಸಿನ ಭಾಷೆಯಲ್ಲಿ ಶುರು ಮಾಡಿದೆ. ಅದು ಎಲ್ಲೂ ನಾಟದಿದ್ದುದನ್ನು ಕಂಡು, ಮಾನ ಉಳಿಸಿಕೊಳ್ಳಲೆಂದು, "ಆದರೆ ನಿಮ್ಮ ಪರವಾಗಿ ಬಹಳ ಹೋರಾಡಿದೆ ಅತ್ತೆ. ನಾನು ಬೈದಿದ್ದಕ್ಕೆ ನನ್ನನ್ನೇ ಹೊರಗೆ ಹಾಕಿದರು" ಎಂದೆ.

ಸಿದ್ದಮ್ಮನ ಕಣ್ಣಿಗೆ ಸ್ವಲ್ಪ ಜೀವ ಬಂತು. "ನೀನು? ಬೈದ್ಯಾ? ಏನಂತ ಬೈದೆ, ಯೋಳು ಮತ್ತೆ. ನನ್ ಪರ್ವಾಗಿ ಬೈದಿರದ ನಾನು ಕೇಳ್ಬ್ಯಾಡ್ವಾ?"

ಬಾಯಿ ತೆರೆದೆ. ಬರೆದ ಸಾಲುಗಳೆಲ್ಲ ನೆನಪಿದ್ದವು, ಒಂದೂ ಹೊರಗೆ ಬರಲಿಲ್ಲ. ಆ ಎಮ್ಮೆಯವನಿಗೂ ಒಬ್ಬ ತಾಯಿ ಇರುತ್ತಾಳೆಂದು ಲೆಕ್ಕ ಹಾಕಿ, ಅವಳೂ ದಪ್ಪಗಿರಲೆಂದು ನಾನೇ ಆಸೆಪಟ್ಟು, ಅವನು ಸಿದ್ದಮ್ಮನಿಗೆ ಅಂದದ್ದಕ್ಕಿಂತ ಒಂದು ಕೈ ಮೇಲಾಗಿಯೇ ಬರೆದಿದ್ದೆ. ಈಗ ನನ್ನ ಎದುರಿಗೆ ಕೂತಿದ್ದವಳೂ ಅಂಥದೇ ಒಬ್ಬ ತಾಯಿ.

"ಅವ್ನ ಅವ್ವುನ್ನ ಬೈದ್ಯೇನ್ಲಾ?" ಎಂದಳು ಸಿದ್ದಮ್ಮ, ಮೆಲ್ಲಗೆ.

ನಾನು ನೆಲ ನೋಡಿದೆ.

"ಆವಮ್ಮ ಏನ್ಲಾ ಮಾಡಿದ್ಲು ನಿಂಗೆ?"

ಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಕಾವ್ಯಾ, ತಟ್ಟೆ ಆಕವ್ವ. ನಡುಮನೇಲೇ ಆಕು. ಈ ಬಡ್ಡೈದುನ್ಗೆ ಬಯ್ಯದು ಎಂಗೆ ಅಂತ ಯಾರೂ ಕಲ್ಸಿಲ್ಲ." ಎಲ್ಲರೂ ಕೂತೆವು, ಸಿದ್ದಮ್ಮನೂ ಕೂತಳು. ಕೋಳಿ ಸಾರಿಗೆ ಮುದ್ದೆ ಅದ್ದಿ ಮೊದಲ ತುತ್ತು ನುಂಗಿದವಳೇ ನನ್ನ ಮೇಲೆ ಪದ ಎತ್ತಿದಳು. ಚಿಕ್ಕವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ದನಿಗೂಡಿಸಿದಳು. ನನ್ನ ಬೋಳುತಲೆ, ನನ್ನ ದಯವಿಟ್ಟು, ಕೋಣೆಯಲ್ಲಿ ಕೂತು ಶೂರನಾದದ್ದು, ಎಲ್ಲ ಬಂತು. ಬಡಿಸಲೆಂದು ಬಾಗಿಲಲ್ಲಿ ನಿಂತಿದ್ದ ಕಾವ್ಯ ಅಳುತ್ತಲೇ ನಗುತ್ತಿದ್ದಳು. ನಾನು ತಟ್ಟೆಯೊಳಗೇ ಕಣ್ಣು ನೆಟ್ಟು ಕೂತಿದ್ದೆ. ಸಿದ್ದಮ್ಮ ಪದವನ್ನು ಅರ್ಧಕ್ಕೇ ನಿಲ್ಲಿಸಿ, ಎಂಜಲು ಕೈಯಲ್ಲೇ ನನ್ನ ಗದ್ದಕ್ಕೆ ತಿವಿದಳು.

"ಮಕ ಎತ್ಲಾ ಮ್ಯಾಕೆ. ಮಕ ಕಾಣ್ದಿದ್ರೆ ಎಂಗ್ಲಾ ಬಯ್ಯದು?"

ಎತ್ತಿದೆ.